ಮನೆಯಲ್ಲಿ ಹಾಡು ಕೇಳಲು ಎಷ್ಟು ವ್ಯಾಟ್ ಬೇಕು? 10, 50, 100ರ ನಡುವೆ ಆರಿಸುವ ಬಗೆ

ಸ್ಟೀರಿಯೊ ಕೊಳ್ಳಲು ಹೊರಟವರ ಗೊಂದಲ ಹೆಚ್ಚಾಗಿ ಒಂದೇ ಥರ ಇರುತ್ತದೆ. "40 ವ್ಯಾಟ್‌ನ ಆಂಪ್ಲಿಫೈಯರ್ ಸಾಕಾ, 100 ವ್ಯಾಟ್‌ನದ್ದೇ ಬೇಕಾ? ಬೆಲೆ ನೋಡಿದರೆ ದುಪ್ಪಟ್ಟು." ಅಂಗಡಿಯಲ್ಲಿ ಕೇಳಿದರೆ ದೊಡ್ಡದನ್ನು ತೋರಿಸುತ್ತಾರೆ. ಗೆಳೆಯರನ್ನು ಕೇಳಿದರೆ "ಜಾಸ್ತಿ ಇದ್ದರೆ ಒಳ್ಳೆಯದೇ ಅಲ್ವಾ" ಅನ್ನುತ್ತಾರೆ. ಇಬ್ಬರೂ ನಿಮ್ಮ ಕೋಣೆ ನೋಡಿಲ್ಲ, ನಿಮ್ಮ ಸ್ಪೀಕರ್ ಯಾವುದು ಅಂತ ಕೇಳಿಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಸಾಧಾರಣ ಹಾಲ್‌ನಲ್ಲಿ ಕೂತು ಹಾಡು ಕೇಳುವಾಗ ಬಹಳಷ್ಟು ಹೊತ್ತು ಒಂದು ವ್ಯಾಟ್ ಕೂಡ ಖರ್ಚಾಗುವುದಿಲ್ಲ. ಸುಳ್ಳಿಲ್ಲದ 30ರಿಂದ 50 ವ್ಯಾಟ್ ಇದ್ದರೆ ಹೆಚ್ಚಿನ ಮನೆಗಳಿಗೆ ಧಾರಾಳ. ಆದರೆ ಕೆಲವು ಮನೆಗಳಿಗೆ 5 ವ್ಯಾಟ್ ಸಾಕು, ಕೆಲವಕ್ಕೆ 150 ಬೇಕೇ ಬೇಕು. ನಿಮ್ಮದು ಯಾವ ಗುಂಪಿಗೆ ಸೇರುತ್ತದೆ ಎಂದು ತಿಳಿಯಲು ಐದು ಸಂಗತಿ ನೋಡಬೇಕು: ಸ್ಪೀಕರ್‌ನ ಸೆನ್ಸಿಟಿವಿಟಿ, ನೀವು ಕೂರುವ ದೂರ, ಎಷ್ಟು ಜೋರಾಗಿ ಕೇಳುತ್ತೀರಿ, ಯಾವ ಸಂಗೀತ ಕೇಳುತ್ತೀರಿ, ಸ್ಪೀಕರ್ ಎಷ್ಟು ಓಮ್‌ನದ್ದು (ಅಂದರೆ ಕರೆಂಟಿಗೆ ಅದು ಒಡ್ಡುವ ತಡೆ ಎಷ್ಟು).

ಸ್ಪೀಕರ್ ಮೊದಲು, ಆಂಪ್ಲಿಫೈಯರ್ ಆಮೇಲೆ

ಸ್ಪೀಕರ್‌ನ ಕೈಪಿಡಿ ತೆಗೆದು ಸೆನ್ಸಿಟಿವಿಟಿ ಎಂಬ ಸಾಲು ಹುಡುಕಿ. 1 ವ್ಯಾಟ್ ಕೊಟ್ಟು 1 ಮೀಟರ್ ದೂರದಿಂದ ಅಳೆದರೆ ಎಷ್ಟು ಡೆಸಿಬಲ್ ಸದ್ದು ಬರುತ್ತದೆ ಎಂಬುದು ಆ ಅಂಕಿ. ಮನೆಯ ಸ್ಪೀಕರ್‌ಗಳಲ್ಲಿ ಇದು ಸಾಮಾನ್ಯವಾಗಿ 84ರಿಂದ 90ರ ನಡುವೆ ಇರುತ್ತದೆ. ಬಿಬಿಸಿಯವರು 1970ರ ದಶಕದಲ್ಲಿ ಇಕ್ಕಟ್ಟಾದ ಜಾಗಗಳಿಗೆಂದು ರೂಪಿಸಿದ ಪುಟಾಣಿ ಎಲ್‌ಎಸ್ 3/5ಎ ಸ್ಪೀಕರ್‌ನದ್ದು 82-83. ಕೆಇಎಫ್ ಎಲ್‌ಎಸ್50 ಮೆಟಾದ್ದು 85. ಕೋಣೆಯ ಮೂಲೆಯಲ್ಲೇ ನಿಲ್ಲಿಸಬೇಕಾದ, ಬೀರುವಿನಂಥ ಕ್ಲಿಪ್ಷ್‌ಹಾರ್ನ್‌ಗೆ ಕಂಪನಿ ಕೊಡುವ ಅಂಕಿ 105.

ಈ ಅಂಕಿಗಳ ನಡುವಿನ ಅಂತರ ನೋಡಲು ಚಿಕ್ಕದು, ನಿಜದಲ್ಲಿ ಬಹಳ ದೊಡ್ಡದು. ವ್ಯಾಟ್ ಎರಡು ಪಟ್ಟಾದರೆ ಸದ್ದು 3 ಡೆಸಿಬಲ್ ಮಾತ್ರ ಏರುತ್ತದೆ. ಕಿವಿಗೆ "ಎರಡು ಪಟ್ಟು ಜೋರಾಯಿತು" ಅನ್ನಿಸಬೇಕಾದರೆ ಸುಮಾರು 10 ಡೆಸಿಬಲ್ ಏರಬೇಕು. ಅದಕ್ಕೆ ವ್ಯಾಟ್ ಹತ್ತು ಪಟ್ಟಾಗಬೇಕು. ಹಾಗಾಗಿ 50 ವ್ಯಾಟ್‌ನ ಆಂಪ್ಲಿಫೈಯರ್ ಬಿಟ್ಟು 100ರದ್ದು ತಂದರೆ ನಿಮಗೆ ಸಿಗುವುದು ಬರೀ 3 ಡೆಸಿಬಲ್. ಅದು ಗೊತ್ತಾಗುತ್ತದೆ, ಆದರೆ ಬೆರಗು ಹುಟ್ಟಿಸುವಷ್ಟಲ್ಲ. 40 ಮತ್ತು 45 ವ್ಯಾಟ್ ನಡುವೆ ಅರ್ಧ ಡೆಸಿಬಲ್ ಅಂತರ. ಅದನ್ನು ಕಿವಿಯಿಂದ ಹಿಡಿಯಲು ಆಗುವುದಿಲ್ಲ.

ಈಗ ಇದನ್ನೇ ಸ್ಪೀಕರ್ ಕಡೆಯಿಂದ ನೋಡಿ. 83ರ ಸ್ಪೀಕರ್ ಬದಲು 89ರದ್ದು ತಂದರೆ 6 ಡೆಸಿಬಲ್ ಲಾಭ. ಅಂದರೆ ನಾಲ್ಕು ಪಟ್ಟು ವ್ಯಾಟ್‌ಗೆ ಸಮ. 89ರ ಸ್ಪೀಕರ್‌ಗೆ 25 ವ್ಯಾಟ್ ಕೊಟ್ಟರೂ, 83ರದ್ದಕ್ಕೆ 100 ವ್ಯಾಟ್ ಕೊಟ್ಟರೂ ಬರುವ ಸದ್ದು ಒಂದೇ. ಆಂಪ್ಲಿಫೈಯರ್ ಮೇಲೆ ಹಣ ಸುರಿಯುವ ಮೊದಲು ಈ ಲೆಕ್ಕ ಮಾಡಲೇಬೇಕು.

ಹಾಗಿದ್ದರೆ ಎಲ್ಲರೂ 96ರ ಸ್ಪೀಕರನ್ನೇ ಯಾಕೆ ಮಾಡುವುದಿಲ್ಲ? ಚಿಕ್ಕ ಪೆಟ್ಟಿಗೆ, ಆಳವಾದ ಬೇಸ್, ಹೆಚ್ಚು ಸೆನ್ಸಿಟಿವಿಟಿ, ಈ ಮೂರನ್ನೂ ಒಟ್ಟಿಗೆ ಕೊಡಲು ಭೌತಶಾಸ್ತ್ರ ಬಿಡುವುದಿಲ್ಲ. ಎರಡು ಬೇಕೆಂದರೆ ಮೂರನೆಯದನ್ನು ಬಿಡಬೇಕು. ಶೆಲ್ಫ್ ಮೇಲೆ ಕೂರುವ ಪುಟ್ಟ ಸ್ಪೀಕರ್‌ನಿಂದ ಒಳ್ಳೆಯ ಬೇಸ್ ಬೇಕು ಅಂದರೆ ವ್ಯಾಟ್ ತೆರಬೇಕು. ವ್ಯಾಟ್ ಉಳಿಸಬೇಕು ಅಂದರೆ ದೊಡ್ಡ ಪೆಟ್ಟಿಗೆಗೆ ಮನೆಯಲ್ಲಿ ಜಾಗ ಮಾಡಬೇಕು, ಮನೆಯವರನ್ನೂ ಒಪ್ಪಿಸಬೇಕು.

ಇಲ್ಲೊಂದು ಎಚ್ಚರಿಕೆ. ಈಗ ಹೆಚ್ಚಿನ ಕಂಪನಿಗಳು 1 ವ್ಯಾಟ್ ಬದಲು 2.83 ವೋಲ್ಟ್ ಕೊಟ್ಟು ಅಳೆಯುತ್ತವೆ. 8 ಓಮ್ ಸ್ಪೀಕರ್‌ಗೆ 2.83 ವೋಲ್ಟ್ ಅಂದರೆ ಸರಿಯಾಗಿ 1 ವ್ಯಾಟ್. 4 ಓಮ್‌ನದ್ದಕ್ಕೆ ಅದೇ ವೋಲ್ಟ್ 2 ವ್ಯಾಟ್ ಆಗುತ್ತದೆ. ಹಾಗಾಗಿ 4 ಓಮ್ ಸ್ಪೀಕರ್ ಮೇಲೆ 90 ಅಂತ ಬರೆದಿದ್ದರೆ ವ್ಯಾಟ್ ಲೆಕ್ಕಕ್ಕೆ ಅದನ್ನು 87 ಎಂದುಕೊಳ್ಳಿ. ಕಂಪನಿಗಳು ಈ ಅಂಕಿಯನ್ನು ಸ್ವಲ್ಪ ಉದಾರವಾಗಿ ಬರೆಯುವುದೂ ಉಂಟು. ಒಂದೆರಡು ಡೆಸಿಬಲ್ ಕಳೆದೇ ಲೆಕ್ಕ ಹಾಕಿದರೆ ಕ್ಷೇಮ.

ಇನ್ನು, ಸ್ಪೀಕರ್ ಹಿಂದೆ "100 ವ್ಯಾಟ್" ಅಂತ ಬರೆದಿದ್ದರೆ ಅದಕ್ಕೆ 100 ವ್ಯಾಟ್ ಬೇಕು ಎಂದರ್ಥವಲ್ಲ. ಅಷ್ಟರವರೆಗೆ ತಾಳಿಕೊಳ್ಳುತ್ತದೆ ಎಂದು ಅಷ್ಟೇ. ಈ ಒಂದು ತಪ್ಪು ತಿಳಿವಳಿಕೆಯಿಂದ ಎಷ್ಟೋ ಜನ ಬೇಡದ ಆಂಪ್ಲಿಫೈಯರ್ ಕೊಂಡಿದ್ದಾರೆ.

ಒಂದು ಹಾಲ್‌ನ ಲೆಕ್ಕ

12 ಅಡಿಗೆ 14 ಅಡಿ ಹಾಲ್ ಇದೆ ಅಂತಿಟ್ಟುಕೊಳ್ಳಿ. ಬೆಂಗಳೂರಿನ ಎರಡು ಬೆಡ್‌ರೂಮ್ ಅಪಾರ್ಟ್‌ಮೆಂಟ್‌ನಲ್ಲಿ ಕಾಣುವಂಥದ್ದು. ಸೋಫಾದಿಂದ ಸ್ಪೀಕರ್‌ಗೆ ಎರಡೂವರೆ ಮೀಟರ್. ಸ್ಪೀಕರ್ 86 ಡೆಸಿಬಲ್‌ನದ್ದು. ಬಯಲಲ್ಲಾಗಿದ್ದರೆ ಇಷ್ಟು ದೂರಕ್ಕೆ 8 ಡೆಸಿಬಲ್ ಇಳಿಯುತ್ತಿತ್ತು. ಕೋಣೆಯೊಳಗೆ ಗೋಡೆ, ನೆಲ, ತಾರಸಿ ಸ್ವಲ್ಪ ಸದ್ದನ್ನು ವಾಪಸ್ ಕೊಡುತ್ತವೆ. ಎರಡನೇ ಸ್ಪೀಕರ್ ಇನ್ನೊಂದಿಷ್ಟು ಸೇರಿಸುತ್ತದೆ. ಕೂಡಿ ಕಳೆದು ನೋಡಿದರೆ ಸುಮಾರು 3 ಡೆಸಿಬಲ್ ಇಳಿಕೆ. ಅಂದರೆ ಒಂದೊಂದು ಸ್ಪೀಕರ್‌ಗೆ 1 ವ್ಯಾಟ್ ಕೊಟ್ಟಾಗ ಸೋಫಾದಲ್ಲಿ 83 ಡೆಸಿಬಲ್ ಕೇಳುತ್ತದೆ.

83 ಅಂದರೆ ಎಷ್ಟು? ಮನೆಯಲ್ಲಿ ಎದುರುಬದುರು ಕೂತು ಮಾತಾಡುವ ಸದ್ದು 60ರ ಆಸುಪಾಸು. ಮನಸ್ಸಿಟ್ಟು ಹಾಡು ಕೇಳುವವರು ಸಾಮಾನ್ಯವಾಗಿ 70ರಿಂದ 75ರಲ್ಲಿ ಕೇಳುತ್ತಾರೆ. 85 ಅಂದರೆ ಪಕ್ಕದವರ ಜೊತೆ ಮಾತಾಡಲು ದನಿ ಏರಿಸಬೇಕು. ಕಾರ್ಖಾನೆಗಳಲ್ಲಿ ಕೆಲಸ ಮಾಡುವವರ ಕಿವಿಗೆ ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಬೀಳಬಾರದು ಎಂದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ಹೇಳುವ ಮಟ್ಟವೂ ಈ 85. ಅಲ್ಲಿಂದ ಪ್ರತಿ 3 ಡೆಸಿಬಲ್ ಏರಿದಾಗಲೂ ಆ ಸಮಯ ಅರ್ಧಕ್ಕೆ ಇಳಿಯುತ್ತದೆ.

75ರಲ್ಲಿ ಕೇಳುವವರಿಗೆ ನಮ್ಮ ಹಾಲ್‌ನಲ್ಲಿ ಬೇಕಾದದ್ದು 0.16 ವ್ಯಾಟ್. ಹೌದು, ಒಂದು ವ್ಯಾಟ್‌ನ ಆರನೇ ಒಂದು ಪಾಲು.

ಹಾಗಿದ್ದ ಮೇಲೆ 30-50 ವ್ಯಾಟ್ ಯಾಕೆ? ಸಂಗೀತ ಒಂದೇ ಮಟ್ಟದಲ್ಲಿ ಹರಿಯುವುದಿಲ್ಲ. ಮೃದಂಗದ ಒಂದು ಏಟು, ತಬಲಾದ ಒಂದು ಥಾಪ್ ಬಿದ್ದಾಗ ಕ್ಷಣಮಾತ್ರಕ್ಕೆ ಸದ್ದು ಸರಾಸರಿಗಿಂತ 15-20 ಡೆಸಿಬಲ್ ಮೇಲೆ ನೆಗೆಯಬಹುದು. 20 ಡೆಸಿಬಲ್ ಅಂದರೆ ನೂರು ಪಟ್ಟು ವ್ಯಾಟ್. 0.16 ಅಲ್ಲಿ 16 ಆಗುತ್ತದೆ. ಆ ಕ್ಷಣಕ್ಕೆ ಆಂಪ್ಲಿಫೈಯರ್ ಬಳಿ ಅಷ್ಟು ಇರಲೇಬೇಕು. ಇಲ್ಲದಿದ್ದರೆ ಅಲೆಯ ತುದಿ ಕತ್ತರಿಸಿ ಹೋಗುತ್ತದೆ. ಕ್ಲಿಪ್ ಆಗುವುದು ಅಂತ ಇದನ್ನೇ ಕರೆಯುವುದು. ಸ್ವಲ್ಪ ಕ್ಲಿಪ್ ಆದರೆ ಏಟಿನ ಚುರುಕು ಮಂಕಾಗುತ್ತದೆ. ಜಾಸ್ತಿ ಆದರೆ ಕರ್ಕಶ. ಇನ್ನೂ ಹಿಂಡಿದರೆ ಟ್ವೀಟರ್, ಅಂದರೆ ಸ್ಪೀಕರ್‌ನೊಳಗೆ ತಾರ ಸ್ವರಗಳನ್ನು ನುಡಿಸುವ ಚಿಕ್ಕ ಭಾಗ, ಸುಡಬಹುದು.

ಹಾಗಾಗಿ ನೀವು ಏನು ಕೇಳುತ್ತೀರಿ ಎಂಬುದೂ ಮುಖ್ಯ. ಈಗಿನ ಸಿನಿಮಾ ಹಾಡುಗಳನ್ನು ಒತ್ತಿ ಸಪಾಟು ಮಾಡಿರುತ್ತಾರೆ. ಸರಾಸರಿಗೂ ತುದಿಗೂ 8-10 ಡೆಸಿಬಲ್ ಅಂತರ ಇದ್ದರೆ ಹೆಚ್ಚು. ಅವಕ್ಕೆ ವ್ಯಾಟ್ ಕಡಿಮೆ ಸಾಕು. ಒಳ್ಳೆಯ ಕಛೇರಿಯ ಧ್ವನಿಮುದ್ರಣ ಹಾಗಲ್ಲ. ಆಲಾಪನೆಯ ಮೊದಲ ಎಳೆ ಕೇಳಲೆಂದು ವಾಲ್ಯೂಮ್ ಏರಿಸಿರುತ್ತೀರಿ, ಅದೇ ಮಟ್ಟದಲ್ಲಿ ತನಿ ಆವರ್ತನ ಬರುತ್ತದೆ. ಯಕ್ಷಗಾನದ ಆಟವನ್ನು ಒತ್ತದೆ ಮುದ್ರಿಸಿದ್ದರೆ ಕೇಳುವುದೇ ಬೇಡ, ಭಾಗವತರ ಪದದ ಬೆನ್ನಿಗೆ ಚಂಡೆ ಏಳುತ್ತದೆ. ಇಂಥದ್ದನ್ನು ಕೇಳುವವರು 20 ಡೆಸಿಬಲ್ ಅಂತರವನ್ನೇ ಹಿಡಿದು ಲೆಕ್ಕ ಹಾಕಿ.

ಅದೇ ಹಾಲ್‌ನಲ್ಲಿ ಬೇರೆ ಬೇರೆ ಸ್ಪೀಕರ್ ಇಟ್ಟು ನೋಡೋಣ. ತುದಿ 95 ಡೆಸಿಬಲ್ ಮುಟ್ಟಬೇಕು ಅಂದರೆ 86ರ ಸ್ಪೀಕರ್‌ಗೆ 16 ವ್ಯಾಟ್, 82ರದ್ದಕ್ಕೆ 40, 96ರದ್ದಕ್ಕೆ ಒಂದೂವರೆ ವ್ಯಾಟ್ ಸಾಕು. ಹಬ್ಬಕ್ಕೆ ನೆಂಟರು ಬಂದಾಗ 85ರಲ್ಲಿ ಹಾಕಿ ತುದಿ 105 ಮುಟ್ಟಬೇಕು ಅಂದರೆ ಎಲ್ಲವೂ ಹತ್ತು ಪಟ್ಟು: 160, 400, 16. 82ರ ಪುಟಾಣಿ ಸ್ಪೀಕರ್‌ಗೆ 400 ವ್ಯಾಟ್ ಕೊಟ್ಟರೆ ಅದು ಹಾಡುವುದಿಲ್ಲ, ಸುಟ್ಟುಹೋಗುತ್ತದೆ. ಅಂಥ ಸ್ಪೀಕರ್ ಅಂಥ ಕೆಲಸಕ್ಕೆ ಅಲ್ಲವೇ ಅಲ್ಲ.

ಕೋಣೆ ದೊಡ್ಡದಿದ್ದರೆ ಲೆಕ್ಕ ಏರುತ್ತದೆ. ಮಲೆನಾಡಿನ ಹಳೆಯ ತೊಟ್ಟಿಮನೆಯ ಜಗಲಿಯಲ್ಲಿ ನಾಲ್ಕು ಮೀಟರ್ ದೂರ ಕೂತರೆ ಎರಡರಿಂದ ಎರಡೂವರೆ ಪಟ್ಟು ವ್ಯಾಟ್ ಬೇಕಾಗುತ್ತದೆ, ಯಾಕೆಂದರೆ ಅಲ್ಲಿ ಒಂದು ಕಡೆ ಆಕಾಶಕ್ಕೇ ತೆರೆದಿರುತ್ತದೆ. ದಪ್ಪ ಪರದೆ, ಜಮಖಾನೆ, ಮೆತ್ತನೆಯ ಸೋಫಾ ತುಂಬಿದ ಕೋಣೆಗೂ ಸ್ವಲ್ಪ ಹೆಚ್ಚು ಬೇಕು. ಓದುವ ಮೇಜಿನ ಎದುರು, ಒಂದು ಮೀಟರ್ ದೂರದಲ್ಲಿ ಕೇಳುವವರಿಗೆ ಇದರ ಅರ್ಧವೂ ಬೇಡ.

ಬೇಸ್ ಗುಂಡಿಯನ್ನು ಮಾತ್ರ ಮರೆಯಬೇಡಿ. ಬೇಸ್‌ಗೆ 10 ಡೆಸಿಬಲ್ ಏರಿಸಿದರೆ ಆ ಭಾಗದ ಸದ್ದಿಗೆ ಹತ್ತು ಪಟ್ಟು ವ್ಯಾಟ್ ಹೋಗುತ್ತದೆ. ಫೋನಿನ ಈಕ್ವಲೈಜರ್‌ನಲ್ಲಿ ಏರಿಸಿದರೂ ಅಷ್ಟೇ. "ನನ್ನ 40 ವ್ಯಾಟ್ ಸಾಲುತ್ತಿಲ್ಲ" ಎನ್ನುವವರ ಮನೆಯಲ್ಲಿ ಬಹಳ ಸಲ ಬೇಸ್ ಗುಂಡಿ ಕೊನೆಗೆ ತಿರುಗಿರುತ್ತದೆ.

ಓಮ್ ಎಂಬ ಇನ್ನೊಂದು ಅಂಕಿ

8 ಓಮ್ ಎಂದು ಬರೆದ ಸ್ಪೀಕರ್ ಎಲ್ಲ ಸ್ವರಕ್ಕೂ 8 ಓಮ್ ಆಗಿರುವುದಿಲ್ಲ. ಎಲ್‌ಎಸ್50 ಮೆಟಾ 8 ಓಮ್‌ನದ್ದು, ಆದರೆ ಕೆಲವು ಕಡೆ 3.5ಕ್ಕೆ ಇಳಿಯುತ್ತದೆ ಎಂದು ಕಂಪನಿಯೇ ಬರೆದಿದೆ. ಓಮ್ ಇಳಿದಷ್ಟೂ ಆಂಪ್ಲಿಫೈಯರ್ ಹೆಚ್ಚು ಕರೆಂಟ್ ಕೊಡಬೇಕು. ಗಟ್ಟಿ ಆಂಪ್ಲಿಫೈಯರ್ 8 ಓಮ್‌ಗೆ 50 ಕೊಟ್ಟರೆ 4 ಓಮ್‌ಗೆ 80-90 ಕೊಡುತ್ತದೆ. 4 ಓಮ್‌ನ ಅಂಕಿಯನ್ನೇ ಬರೆಯದಿದ್ದರೆ, ಅಥವಾ "6 ಓಮ್‌ಗಿಂತ ಕಡಿಮೆ ಹಾಕಬೇಡಿ" ಅಂತ ಇದ್ದರೆ, ಅಂಥ ಸ್ಪೀಕರ್ ಜೊತೆ ಅದನ್ನು ಸೇರಿಸಬೇಡಿ.

ಈ ಕರೆಂಟ್ ವಿಷಯದಲ್ಲಿ ನೆನಪಿಸಿಕೊಳ್ಳಬೇಕಾದದ್ದು 1978ರಲ್ಲಿ ಬಂದ ಎನ್‌ಎಡಿ 3020 ಎಂಬ ಆಂಪ್ಲಿಫೈಯರ್. ಬರೆದದ್ದು ಬರೀ 20 ವ್ಯಾಟ್. ಆದರೆ ಕ್ಷಣದ ಏಟುಗಳಿಗೆ ಅದರ ಎರಡು ಪಟ್ಟು ಕೊಡುತ್ತಿತ್ತು, ಓಮ್ ಕಡಿಮೆ ಇದ್ದರೂ ಹೆದರುತ್ತಿರಲಿಲ್ಲ. ಕಡಿಮೆ ಬೆಲೆಯ ಆ ಪೆಟ್ಟಿಗೆಯನ್ನು ಜಗತ್ತಿನ ಎಷ್ಟೋ ಮನೆಗಳು ಮೆಚ್ಚಿಕೊಂಡವು.

ಪೆಟ್ಟಿಗೆಯ ಮೇಲಿನ ಅಂಕಿ ನಂಬಬಹುದಾ

ಪಿಎಂಪಿಒ (ಪೀಕ್ ಮ್ಯೂಸಿಕ್ ಪವರ್ ಔಟ್‌ಪುಟ್) ಎಂಬ ನಾಲ್ಕಕ್ಷರ ನಮ್ಮಲ್ಲಿ ಒಂದು ಪೀಳಿಗೆಯನ್ನೇ ದಾರಿ ತಪ್ಪಿಸಿತು. ಅದಕ್ಕೆ ಒಪ್ಪಿತವಾದ ಅಳತೆಯೇ ಇಲ್ಲ. 10 ವ್ಯಾಟ್‌ನ ಸೆಟ್ ಮೇಲೂ 1000 ಅಂತ ಬರೆಯಬಹುದು, ಬರೆದರು ಕೂಡ. ಊರೂರಿನಲ್ಲಿ ಜೋಡಿಸಿ ಮಾರುತ್ತಿದ್ದ ಆಂಪ್ಲಿಫೈಯರ್‌ಗಳ ಒಳಗೆ ಎಷ್ಟೋ ಸಲ ಇದ್ದದ್ದು 4440 ಎಂಬ ಆಂಪ್ಲಿಫೈಯರ್ ಚಿಪ್ (ಐಸಿ). ಅದು ಸ್ಟೀರಿಯೊದಲ್ಲಿ ಕೊಡುವುದು ಒಂದೊಂದು ಬದಿಗೆ 6 ವ್ಯಾಟ್, ಎರಡನ್ನೂ ಒಂದು ಮಾಡಿದರೆ 19. ಅಷ್ಟರಲ್ಲೇ ಅಂಗಡಿ ಬೀದಿ ತುಂಬ ಹಾಡು ಕೇಳುತ್ತಿತ್ತು ಎಂಬುದನ್ನು ನೆನೆದರೆ ಮನೆಗೆ ಎಷ್ಟು ಬೇಕು ಅಂತ ತಾನೇ ಹೊಳೆಯುತ್ತದೆ. ಅಮೆರಿಕದಲ್ಲಿ ಇಂಥ ಸುಳ್ಳು ತಡೆಯಲೆಂದು 1974ರಲ್ಲೇ ಸರ್ಕಾರ ನಿಯಮ ತಂದಿತು. ಎಷ್ಟು ಓಮ್‌ಗೆ, ಯಾವ ಸ್ವರವ್ಯಾಪ್ತಿಯಲ್ಲಿ, ಎಷ್ಟು ವಿಕಾರದೊಂದಿಗೆ (ಡಿಸ್ಟಾರ್ಷನ್) ಎಂದು ಹೇಳದೆ ವ್ಯಾಟ್ ಬರೆಯುವಂತಿಲ್ಲ ಎಂದಿತು.

ನೀವು ಹುಡುಕಬೇಕಾದ ಸಾಲು ಹೀಗಿರಬೇಕು: ಎಡ, ಬಲ ಎರಡೂ ಚಾನೆಲ್ ಒಟ್ಟಿಗೆ ಓಡುವಾಗ, 8 ಓಮ್‌ಗೆ, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್‌ವರೆಗೆ, ವಿಕಾರ ಶೇ 0.1ರ ಒಳಗೆ. "ಒಂದು ಚಾನೆಲ್, 6 ಓಮ್, 1 ಕಿಲೋಹರ್ಟ್ಸ್, ಶೇ 10 ವಿಕಾರ" ಅಂತ ಇದ್ದರೆ ಆ ಅಂಕಿಯನ್ನು ಅರ್ಧ ಮಾಡಿಕೊಳ್ಳಿ.

ಅಡಾಪ್ಟರ್‌ನಿಂದ ಓಡುವ ಚಿಕ್ಕ ಕ್ಲಾಸ್ ಡಿ (ಕರೆಂಟು ಹೆಚ್ಚು ಪೋಲು ಮಾಡದ ಬಗೆಯ) ಆಂಪ್ಲಿಫೈಯರ್ ಪೆಟ್ಟಿಗೆಗಳಿಗೆ ಇನ್ನೂ ಸುಲಭದ ಪರೀಕ್ಷೆ ಇದೆ. ಅಡಾಪ್ಟರ್ ಮೇಲಿನ ವೋಲ್ಟನ್ನೂ ಆಂಪಿಯರನ್ನೂ ಗುಣಿಸಿ. 48 ವೋಲ್ಟ್, 5 ಆಂಪಿಯರ್ ಅಂದರೆ 240 ವ್ಯಾಟ್. ಒಳಗೆ ಹೋಗುವುದೇ 240 ಆಗಿರುವಾಗ ಎರಡು ಚಾನೆಲ್‌ಗೆ 300-300 ಹೊರಗೆ ಬರಲು ಸಾಧ್ಯವಿಲ್ಲ. 24 ವೋಲ್ಟ್‌ನ ಅಡಾಪ್ಟರ್ ಇದ್ದರೆ 8 ಓಮ್ ಸ್ಪೀಕರ್‌ಗೆ 30 ವ್ಯಾಟ್ ಆಚೀಚೆ, 32 ವೋಲ್ಟ್‌ದಾದರೆ 55ರ ಆಸುಪಾಸು. ಪೆಟ್ಟಿಗೆ ಮೇಲೆ 100 ಅಂತ ಇದ್ದರೂ ಅಷ್ಟೇ.

ವಾಲ್ಯೂಮ್ ಗುಂಡಿಯಿಂದ ಶಕ್ತಿ ಅಳೆಯಲು ಹೋಗಬೇಡಿ. ಗುಂಡಿ ಅರ್ಧಕ್ಕೆ ಬಂದರೆ ಅರ್ಧ ಶಕ್ತಿ ಇನ್ನೂ ಉಳಿದಿದೆ ಎಂದಲ್ಲ. ಎಷ್ಟೋ ಆಂಪ್ಲಿಫೈಯರ್‌ಗಳು ಅಷ್ಟರಲ್ಲೇ ತಮ್ಮ ಪೂರ್ತಿ ಶಕ್ತಿ ಮುಟ್ಟಿರಬಹುದು.

ಆಯ್ಕೆಗಳು

ಚಿಕ್ಕ ಕ್ಲಾಸ್ ಡಿ ಆಂಪ್ಲಿಫೈಯರ್ ಕೈಯಲ್ಲಿ ಹಿಡಿಯುವಷ್ಟೇ ಇರುತ್ತದೆ, ಬಿಸಿಯಾಗುವುದಿಲ್ಲ. 10,000 ರೂಪಾಯಿಯೊಳಗೆ ಬೇಕಾದಷ್ಟು ಸಿಗುತ್ತವೆ. ನಿಜವಾದ 30-50 ವ್ಯಾಟ್ ಬರುತ್ತದೆ. ಹಣ ಕಡಿಮೆ ಇದ್ದು ಸ್ಪೀಕರ್ 86ರ ಮೇಲಿದ್ದರೆ ನಾನು ಕಣ್ಣುಮುಚ್ಚಿ ಇದನ್ನೇ ಹೇಳುತ್ತೇನೆ. ಕೊರತೆಗಳೂ ಇವೆ. ಇನ್‌ಪುಟ್ ಕಡಿಮೆ, ರಿಪೇರಿ ಕಷ್ಟ, ಕೆಟ್ಟರೆ ಹೊಸದೇ ಗತಿ. ಅಗ್ಗದವುಗಳಲ್ಲಿ ಟ್ವೀಟರ್‌ಗೆ ಕಿವಿ ಕೊಟ್ಟರೆ ಸಣ್ಣಗೆ ಹಿಸ್ ಕೇಳಬಹುದು. ಆದರೆ ಹಳ್ಳಿಗಳಲ್ಲಿ ಇದಕ್ಕೊಂದು ದೊಡ್ಡ ಅನುಕೂಲ ಇದೆ. ಸಂಜೆ ಹೊತ್ತು ಕರೆಂಟು 230ರಿಂದ 180 ವೋಲ್ಟ್‌ಗೆ ಕುಸಿದರೆ, ಸಾದಾ ಟ್ರಾನ್ಸ್‌ಫಾರ್ಮರ್ ಇರುವ 50 ವ್ಯಾಟ್‌ನ ಆಂಪ್ಲಿಫೈಯರ್ 30ಕ್ಕೆ ಇಳಿದುಬಿಡುತ್ತದೆ. 100ರಿಂದ 240 ವೋಲ್ಟ್‌ವರೆಗೆ ನಡೆಯುವ ಅಡಾಪ್ಟರ್‌ಗೆ ಅದರ ಗೊಡವೆಯೇ ಇಲ್ಲ. ಯುಪಿಎಸ್ ಮೇಲೆ ಓಡಿಸಿದರೂ ಬ್ಯಾಟರಿ ಬೇಗ ಮುಗಿಯುವುದಿಲ್ಲ.

40ರಿಂದ 60 ವ್ಯಾಟ್‌ನ ಇಂಟಿಗ್ರೇಟೆಡ್ ಆಂಪ್ಲಿಫೈಯರ್, ಅಂದರೆ ಇನ್‌ಪುಟ್, ವಾಲ್ಯೂಮ್, ಶಕ್ತಿ ಎಲ್ಲ ಒಂದೇ ಪೆಟ್ಟಿಗೆಯಲ್ಲಿ ಇರುವಂಥದ್ದು, ಇದರ ಮುಂದಿನ ಮೆಟ್ಟಿಲು. ಡೆನಾನ್ ಪಿಎಂಎ-600ಎನ್‌ಇ, ಮರಾಂಟ್ಜ್ ಪಿಎಂ6007 ಎರಡೂ 8 ಓಮ್‌ಗೆ 45 ವ್ಯಾಟ್‌ನವು. ಯಮಾಹಾ ಎ-ಎಸ್301 60 ವ್ಯಾಟ್‌ನದ್ದು. ಈ ವರ್ಗದ ಬೆಲೆ ಹೆಚ್ಚುಕಡಿಮೆ 30,000ದಿಂದ 60,000. ಇಲ್ಲಿ 45 ಮತ್ತು 60ರ ನಡುವೆ ತಲೆಕೆಡಿಸಿಕೊಳ್ಳಬೇಡಿ, ಒಂದೂಕಾಲು ಡೆಸಿಬಲ್ ಅಂತರ ಅದು. ರೆಕಾರ್ಡ್ ಪ್ಲೇಯರ್‌ಗೆ ಫೋನೊ ಇನ್‌ಪುಟ್ ಇದೆಯಾ, ಟಿವಿಗೆ ಆಪ್ಟಿಕಲ್ ಇದೆಯಾ, ಊರಲ್ಲಿ ಸರ್ವಿಸ್ ಸಿಗುತ್ತದಾ, ಅದನ್ನು ನೋಡಿ. ಹತ್ತಾರು ವರ್ಷ ಒಂದೇ ಸೆಟ್ ಇಟ್ಟುಕೊಳ್ಳುವ ಮನಸ್ಸಿದ್ದವರಿಗೆ ನನ್ನ ಮೊದಲ ಆಯ್ಕೆ ಇದೇ ವರ್ಗ.

ಎವಿ ರಿಸೀವರ್ ಸಿನಿಮಾ ನೋಡುವ ಮನೆಗೆ. ಐದು ಸ್ಪೀಕರ್, ಎಚ್‌ಡಿಎಂಐ, ಎಲ್ಲ ಒಂದರಲ್ಲೇ. ಬರೆದ ಅಂಕಿ ಐದೂ ಚಾನೆಲ್ ಒಟ್ಟಿಗೆ ಓಡುವಾಗ ಸಿಗುವುದಿಲ್ಲ ಎಂಬುದು ಗೊತ್ತಿರಲಿ. ಎರಡೇ ಸ್ಪೀಕರ್‌ನಲ್ಲಿ ಹಾಡು ಕೇಳುವುದೇ ಮುಖ್ಯ ಆದರೆ ಇದಕ್ಕೆ ಹಣ ಹಾಕಬೇಡಿ.

100 ವ್ಯಾಟ್‌ಗಿಂತ ಹೆಚ್ಚಿನದು ಯಾರಿಗೆ? ಸ್ಪೀಕರ್ 84ಕ್ಕಿಂತ ಕಡಿಮೆ ಇದ್ದವರಿಗೆ, 4 ಓಮ್‌ನ ಕಷ್ಟದ ಸ್ಪೀಕರ್ ಇದ್ದವರಿಗೆ, ನಾಲ್ಕೈದು ಮೀಟರ್ ದೂರ ಕೂರುವವರಿಗೆ, ಒತ್ತದ ಧ್ವನಿಮುದ್ರಣವನ್ನು ನಿಜವಾದ ಕಛೇರಿಯ ಜೋರಿನಲ್ಲಿ ಕೇಳಲೇಬೇಕು ಎನ್ನುವವರಿಗೆ. ಇವರಿಗೆ 100-150 ಬೇಕು, ಅದು ದುಂದಲ್ಲ. ಆದರೆ 60ರಿಂದ 100ಕ್ಕೆ ಹೋಗಿ ಪ್ರಯೋಜನ ಕಡಿಮೆ. ಹೋಗುವುದಾದರೆ 150-200ಕ್ಕೇ ಹೋಗಿ. ಹೋಗುವ ಮೊದಲು ಇನ್ನೊಂದು ದಾರಿ ಯೋಚಿಸಿ: ತನ್ನದೇ ಆಂಪ್ಲಿಫೈಯರ್ ಇರುವ ಸಬ್‌ವೂಫರ್, ಅಂದರೆ ಬೇಸ್‌ಗೆಂದೇ ಇರುವ ಸ್ಪೀಕರ್. ವ್ಯಾಟ್ ನುಂಗುವುದು ಹೆಚ್ಚಾಗಿ ಬೇಸ್. 80 ಹರ್ಟ್ಸ್ ಕೆಳಗಿನದ್ದನ್ನು ಸಬ್‌ವೂಫರ್‌ಗೆ ಕಳಿಸಿ, ಮುಖ್ಯ ಸ್ಪೀಕರ್‌ಗೆ ಅದು ಹೋಗದಂತೆ ಕತ್ತರಿಸಿದರೆ, ಇರುವ 40 ವ್ಯಾಟ್‌ಗೇ ಉಸಿರು ಬರುತ್ತದೆ. ಕತ್ತರಿಸುವ ಸೌಲಭ್ಯ ಆಂಪ್ಲಿಫೈಯರ್‌ನಲ್ಲೋ ಸಬ್‌ವೂಫರ್‌ನಲ್ಲೋ ಇರಬೇಕು. ಇಲ್ಲದಿದ್ದರೆ ಸುಮ್ನೆ ಸೇರಿಸಿದ ಸಬ್‌ವೂಫರ್‌ನಿಂದ ಆಂಪ್ಲಿಫೈಯರ್‌ನ ಭಾರ ಕಡಿಮೆಯಾಗುವುದಿಲ್ಲ. ಅಪಾರ್ಟ್‌ಮೆಂಟ್‌ನಲ್ಲಿ ಕೆಳಗಿನ ಮನೆಯವರ ನಿದ್ದೆಯ ಯೋಚನೆಯೂ ಇರಲಿ. ಗೋಡೆ, ನೆಲ ದಾಟಿ ಹೋಗುವುದು ಬೇಸೇ.

ಹಳೆಯ ರೇಡಿಯೊಗಳಲ್ಲಿದ್ದಂಥ ಗಾಜಿನ ವಾಲ್ವ್‌ಗಳಿರುವ ಆಂಪ್ಲಿಫೈಯರ್ ಬೇರೆಯದೇ ಲೋಕ. ಒಂದೊಂದು ಬದಿಗೆ ಒಂದೇ 300ಬಿ ವಾಲ್ವ್ ಇರುವ ಆಂಪ್ಲಿಫೈಯರ್ ಕೊಡುವುದು ಸುಮಾರು 8 ವ್ಯಾಟ್. 2ಎ3 ವಾಲ್ವ್‌ನದ್ದು ಮೂರೂವರೆ. 1953ರ ಕ್ವಾಡ್ 2 ಎಂಬ ವಾಲ್ವ್ ಆಂಪ್ಲಿಫೈಯರ್ ಕೊಡುತ್ತಿದ್ದದ್ದು 15 ವ್ಯಾಟ್. ಆ ಕಾಲದ ಮನೆಗಳಿಗೆ ಅದೇ ಸಾಕಾಗಿತ್ತು. 95ರ ಮೇಲಿನ ಸ್ಪೀಕರ್ ಇದ್ದರೆ 8 ವ್ಯಾಟ್ ನಮ್ಮ ಹಾಲ್‌ಗೆ ಮಿಗುವಷ್ಟು, ಗಾಯಕರ ದನಿ ಅದರಲ್ಲಿ ಬಹಳ ಚೆನ್ನಾಗಿ ಬರುತ್ತದೆ ಎಂದು ನಾನೂ ಒಪ್ಪುತ್ತೇನೆ. ಆದರೆ 85ರ ಸ್ಪೀಕರ್‌ಗೆ ಕಟ್ಟಿದರೆ ಮೃದಂಗ ಮೆತ್ತಗಾಗುತ್ತದೆ. ವಾಲ್ವ್ ಸವೆಯುತ್ತದೆ, ಬದಲಿಸಲು ಖರ್ಚಿದೆ, ಬೇಸಿಗೆಯಲ್ಲಿ ಕೋಣೆ ಬಿಸಿ. ಇದು ಮೊದಲ ಸೆಟ್ ಆಗಿ ಬೇಡ.

ಆಕ್ಟಿವ್ ಸ್ಪೀಕರ್ ಕೊಂಡರೆ ಈ ಪ್ರಶ್ನೆಯೇ ಇರುವುದಿಲ್ಲ. ಆಂಪ್ಲಿಫೈಯರ್ ಒಳಗೇ ಇರುತ್ತದೆ, ಎಷ್ಟು ಬೇಕೆಂದು ತಯಾರಿಸಿದವರೇ ಲೆಕ್ಕ ಹಾಕಿರುತ್ತಾರೆ. ಅಲ್ಲಿ ವ್ಯಾಟ್ ನೋಡಬೇಡಿ, ಗರಿಷ್ಠ ಎಷ್ಟು ಡೆಸಿಬಲ್ ಎಂಬ ಅಂಕಿ ನೋಡಿ. ಬಾಡಿಗೆ ಮನೆ, ಆಗಾಗ ಊರು ಬದಲು, ಜಾಗ ಕಡಿಮೆ ಇರುವವರಿಗೆ ಒಳ್ಳೆಯದು. ಮುಂದೆ ಒಂದೊಂದನ್ನೇ ಬದಲಿಸಿ ಬೆಳೆಸಬೇಕು ಎನ್ನುವವರಿಗೆ ಅಲ್ಲ.

ಹಳೆಯದನ್ನು ಕೊಳ್ಳುವವರಿಗೆ ಒಂದು ಮಾತು. ಮೂವತ್ತು ನಲವತ್ತು ವರ್ಷದ ಆಂಪ್ಲಿಫೈಯರ್‌ನ ಕೆಪಾಸಿಟರ್ ಒಣಗಿರುತ್ತದೆ. ಬೆಲೆಯ ಮೇಲೆ ರಿಪೇರಿಯ ಖರ್ಚನ್ನೂ ಸೇರಿಸಿಕೊಳ್ಳಿ. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಬಿಡಿಭಾಗ ಸಿಗುತ್ತದೆ, ಕೈ ಪಳಗಿದ ಮೆಕ್ಯಾನಿಕ್ ಸಿಗಬೇಕು ಅಷ್ಟೇ.

ಹಣ ಹಂಚುವುದು

ಒಟ್ಟು 25,000 ಇದ್ದರೆ ಚಿಕ್ಕ ಕ್ಲಾಸ್ ಡಿಗೆ 6-7 ಸಾವಿರ, ಉಳಿದದ್ದು ಸ್ಪೀಕರ್‌ಗೆ. 80,000 ಇದ್ದರೆ 45 ವ್ಯಾಟ್‌ನ ಇಂಟಿಗ್ರೇಟೆಡ್ ತಗೊಂಡು ಮಿಕ್ಕಿದ್ದನ್ನೆಲ್ಲ ಸ್ಪೀಕರ್‌ಗೆ, ಸ್ಟ್ಯಾಂಡ್‌ಗೆ, ಒಂದು ಒಳ್ಳೆಯ ಜಮಖಾನೆಗೆ ಹಾಕಿ. 50ರ ಬದಲು 100 ವ್ಯಾಟ್ ಅಂತ ಇನ್ನೂ 30,000 ಸುರಿದರೆ ಸಿಗುವುದು 3 ಡೆಸಿಬಲ್. ಅದೇ ಹಣ ಸ್ಪೀಕರ್‌ಗೆ ಹೋದರೆ ಪ್ರತಿ ಹಾಡೂ ಬೇರೆಯಾಗಿ ಕೇಳುತ್ತದೆ.

ಈಗಾಗಲೇ ಒಂದು ಸೆಟ್ ಇದ್ದರೆ, ಅಳೆದುಬಿಡಿ

ದೊಡ್ಡದು ಬೇಕಾ ಎಂಬ ಅನುಮಾನ ಇರುವವರು ಮನೆಯಲ್ಲೇ ತಿಳಿದುಕೊಳ್ಳಬಹುದು. ಬೇಕಾದದ್ದು ಒಂದು ಸಾದಾ ಮಲ್ಟಿಮೀಟರ್, ಮತ್ತು 60 ಹರ್ಟ್ಸ್‌ನ ಒಂದು ಟೆಸ್ಟ್ ಟೋನ್, ಅಂದರೆ ಒಂದೇ ಸ್ವರ ನುಡಿಯುತ್ತಲೇ ಇರುವ ಆಡಿಯೊ ಫೈಲ್. ಟೋನ್‌ನ ಮಟ್ಟ ಮೈನಸ್ 12 ಡೆಸಿಬಲ್ ಇರಲಿ, ಅಂದರೆ ಫೈಲ್‌ನಲ್ಲಿ ಇರಬಹುದಾದ ಗರಿಷ್ಠಕ್ಕಿಂತ 12 ಕಡಿಮೆ.

ನಿಮಗೆ ಇಷ್ಟವಾದ, ಏರಿಳಿತ ಹೆಚ್ಚಿರುವ ಕಛೇರಿಯನ್ನು ಫೋನಿನಿಂದ ಹಾಕಿ. ಇನ್ನು ಇದಕ್ಕಿಂತ ಜೋರು ಬೇಡ ಅನ್ನುವವರೆಗೆ ವಾಲ್ಯೂಮ್ ಏರಿಸಿ. ಗುಂಡಿಯನ್ನು ಅಲ್ಲೇ ಬಿಡಿ. ಆಂಪ್ಲಿಫೈಯರ್ ಆಫ್ ಮಾಡಿ, ಸ್ಪೀಕರ್ ತಂತಿಗಳನ್ನು ಅದರ ಹಿಂಬದಿಯಿಂದ ಕಳಚಿ. ತಂತಿಯ ತುದಿಗಳು ಒಂದಕ್ಕೊಂದು ತಾಗದಿರಲಿ. ಮತ್ತೆ ಆನ್ ಮಾಡಿ ಅದೇ ಫೋನಿನಿಂದ, ಫೋನಿನ ವಾಲ್ಯೂಮ್ ಬದಲಿಸದೆ ಟೋನ್ ಹಾಕಿ. ಮೀಟರನ್ನು ಎಸಿ ವೋಲ್ಟ್‌ಗೆ ಇಟ್ಟು ಒಂದು ಚಾನೆಲ್‌ನ ಎರಡು ಟರ್ಮಿನಲ್ ನಡುವೆ ಹಿಡಿಯಿರಿ. ವಾಲ್ವ್ ಆಂಪ್ಲಿಫೈಯರ್‌ನಲ್ಲಿ ಇದನ್ನು ಖಂಡಿತ ಮಾಡಬೇಡಿ. ಸ್ಪೀಕರ್ ಇಲ್ಲದೆ ಅದಕ್ಕೆ ಸಿಗ್ನಲ್ ಕೊಟ್ಟರೆ ಅದರ ಟ್ರಾನ್ಸ್‌ಫಾರ್ಮರ್ ಹಾಳಾಗಬಹುದು.

ಮೀಟರ್ 2.5 ವೋಲ್ಟ್ ತೋರಿಸಿತು ಅಂದುಕೊಳ್ಳಿ. ಟೋನ್ 12 ಡೆಸಿಬಲ್ ಕಡಿಮೆ ಇತ್ತು, ಹಾಗಾಗಿ ನಾಲ್ಕರಿಂದ ಗುಣಿಸಿ: 10 ವೋಲ್ಟ್. ಅದನ್ನು ಅದರಿಂದಲೇ ಗುಣಿಸಿ 8 ಓಮ್‌ನಿಂದ ಭಾಗಿಸಿ: 100 ಭಾಗಿಸು 8, ಅಂದರೆ ಹನ್ನೆರಡೂವರೆ ವ್ಯಾಟ್. ಸ್ಪೀಕರ್ 4 ಓಮ್‌ನದ್ದಾದರೆ 25. ನಿಮ್ಮ ಅತಿ ಜೋರಿನ ಕೇಳುವಿಕೆಯಲ್ಲಿ ಆಂಪ್ಲಿಫೈಯರ್‌ನಿಂದ ಇದಕ್ಕಿಂತ ಹೆಚ್ಚು ಹೊರಗೆ ಬರುವುದೇ ಇಲ್ಲ. ಅದರ ಎರಡು ಪಟ್ಟು ಇರುವ ಆಂಪ್ಲಿಫೈಯರ್ ತಗೊಂಡರೆ ಬೇಕಾದಷ್ಟು ಅಂತರ ಉಳಿಯುತ್ತದೆ. ಬಂದ ಉತ್ತರ ಈಗಿನ ಆಂಪ್ಲಿಫೈಯರ್‌ನ ಅಂಕಿಯನ್ನು ದಾಟಿದ್ದರೆ ಅದು ನಿಜಕ್ಕೂ ಕ್ಲಿಪ್ ಆಗುತ್ತಿದೆ, ದೊಡ್ಡದು ತಗೊಳ್ಳಿ. ಅರ್ಧಕ್ಕಿಂತ ಕೆಳಗಿದ್ದೂ ಸದ್ದು ಕರ್ಕಶ ಅನ್ನಿಸುತ್ತಿದ್ದರೆ ಆಂಪ್ಲಿಫೈಯರ್ ಬದಲಿಸಬೇಡಿ. ಸ್ಪೀಕರ್ ಇಟ್ಟ ಜಾಗ, ಬರಿ ಗೋಡೆ, ಹಾಡಿನ ಮುದ್ರಣ, ಈ ಮೂರನ್ನು ಮೊದಲು ನೋಡಿ.